ಒಳ್ಳೆಯ ದಿನದ ಎಣಿಕೆ

ಹಸಿ ಸುಣ್ಣದ ವಾಸನೆ ಗಂಗಾದೇವಿಗೆ ಚಿಕ್ಕಂದಿನಿಂದಲೂ ಮನೆ ಬಿಡುವ ವಾಸನೆ. ಬೇರೆ ಮಕ್ಕಳಿಗೆ ಅದು ಹಬ್ಬ ಹತ್ತಿರ ಬಂದ ವಾಸನೆ. ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರಾಗಿದ್ದ ಅವಳ ಅಪ್ಪ ಹನ್ನೆರಡು ವರ್ಷದಲ್ಲಿ ಏಳು ಬಾಡಿಗೆ ಕೋಣೆಗಳನ್ನು ಬದಲಾಯಿಸಿದ್ದರು. ಪ್ರತಿ ಸಲ ಹೊಸ ಕೋಣೆಗೆ ಕಾಲಿಟ್ಟಾಗಲೂ ಗೋಡೆ ಇನ್ನೂ ಒದ್ದೆಯಾಗಿರುತ್ತಿತ್ತು, ಸುಣ್ಣಕ್ಕೆ ಬೆರೆಸಿದ ನೀಲಿ ಸರಿಯಾಗಿ ಕರಗದೆ ಅಲ್ಲಲ್ಲಿ ಗೀರು ಬಿಟ್ಟಿರುತ್ತಿತ್ತು, ಬೆಳಿಗ್ಗೆ ಎದ್ದರೆ ಜಡೆಯ ತುಂಬ ಬಿಳಿ ಪುಡಿ. ಪೆಟ್ಟಿಗೆಯ ಬೀಗ ತೆಗೆಯುವ ಮೊದಲು ಅಮ್ಮ, ಇಲ್ಲಾದರೂ ನಾಲ್ಕು ವರ್ಷ ಇರೋಣ ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ಗೋಡೆ ಒಣಗಿ ವಾಸನೆ ಹೋಗುವಷ್ಟರಲ್ಲಿ ಮನೆಯ ಮಾಲೀಕರು ತಮ್ಮ ಮಗಳು ಬರುತ್ತಾಳೆಂದೋ ಮಗನ ಮದುವೆಯೆಂದೋ ಹೇಳಿ ಕಳಿಸುತ್ತಿದ್ದರು. ಈಗ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಟ್ಟೂರಿನ ಸರ್ಕಾರಿ ಶಾಲೆಯ ಹಾಲಿನೊಳಗೆ ಬಂದು ಕೂತಾಗ ಅದೇ ವಾಸನೆ. ಅಹವಾಲು ಕೇಳಲು ಅಧಿಕಾರಿ ಬರುತ್ತಾರೆಂದು ಎರಡು ದಿನದ ಹಿಂದೆ ಸುಣ್ಣ ಹೊಡೆಸಿದ್ದರು. ಮಕ್ಕಳು ಪೆನ್ಸಿಲಿನಲ್ಲಿ ಬರೆದಿದ್ದ ಮಗ್ಗಿ ಬಿಳುಪಿನ ಕೆಳಗಿಂದ ಮಸುಕಾಗಿ ಕಾಣುತ್ತಿತ್ತು. ಅವಳು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಜಿಪ್ಪನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಒಳಗೆ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು. ಅದು ಅಲ್ಲಿರುವುದು ಅವಳಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹಾಲಿನ ಎಡಕ್ಕೆ ಲೇಔಟಿನವರು, ಬಲಕ್ಕೆ ಮನೆ ಸಿಕ್ಕವರು. ಹೀಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ, ತಾನಾಗಿ ಆಗಿತ್ತು. ಲೇಔಟಿನ ಹಿಂದೆ, ಹಿಂದೊಮ್ಮೆ ಇಟ್ಟಿಗೆ ಗೂಡು ಇದ್ದ ನಾಲ್ಕೆಕರೆ ಜಾಗದಲ್ಲಿ ಸರ್ಕಾರ ಕಡಿಮೆ ದರದ ಮುನ್ನೂರ ನಲವತ್ತು ಮನೆಗಳನ್ನು ಕಟ್ಟುವುದೆಂದು ತೀರ್ಮಾನವಾಗಿ, ಚೀಟಿ ಎತ್ತಿ ಹೆಸರುಗಳೂ ಬಂದಾಗಿತ್ತು. ಲೇಔಟಿನ ಅಸೋಸಿಯೇಷನ್ ತಕರಾರು ಹಾಕಿತ್ತು. ಬಡವರು ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ರಸ್ತೆ ಒಂದೇ, ಈಗಲೇ ಉಸಿರುಕಟ್ಟುತ್ತಿದೆ, ಇನ್ನೂ ಮುನ್ನೂರು ಮನೆಯ ಗಾಡಿಗಳು ಬಂದರೆ ಆಂಬ್ಯುಲೆನ್ಸ್ ಕೂಡ ಹೋಗಲಾರದು ಎಂಬುದು ಅವರ ಮಾತು. ಅದು ಸುಳ್ಳೂ ಆಗಿರಲಿಲ್ಲ. ಅಸೋಸಿಯೇಷನ್ ಅಧ್ಯಕ್ಷ ರಾಮಕೃಷ್ಣಪ್ಪ, ಅಟ್ಟೂರಿನ ಹಳೇ ಮನೆತನದವರು, ಗಂಗಾದೇವಿ ಒಳಗೆ ಬಂದದ್ದನ್ನು ಕಂಡು ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿ ಫ್ಯಾನಿನ ಕೆಳಗೆ ತಂದು ಹಾಕಿದ್ದರು. ಅದರ ಮೇಲಿದ್ದ ಸುಣ್ಣದ ತೊಟ್ಟನ್ನು ಟವೆಲಿನಿಂದ ಒರೆಸಿಯೂ ಕೊಟ್ಟಿದ್ದರು. ಅಷ್ಟು ಮಾಡಬಾರದಿತ್ತು ಎನ್ನಿಸಿತ್ತು ಅವಳಿಗೆ. ಮುಂದಿನ ಸಾಲಿನಲ್ಲಿ ಸೊಸೆ ತೇಜಸ್ವಿನಿ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳೇ ಅಸೋಸಿಯೇಷನ್ನಿನ ಕಾರ್ಯದರ್ಶಿ. ಫೈಲಿನೊಳಗಿನ ಮೊದಲ ಹಾಳೆಯಲ್ಲಿ ಏನಿದೆಯೆಂದು ಗಂಗಾದೇವಿಗೆ ನೋಡದೆಯೇ ಗೊತ್ತಿತ್ತು: ಗಂಟೆಗೆ ಎರಡು ಸಾವಿರದ ನೂರ ಐವತ್ತಾರು ವಾಹನಗಳು.

ಜನವರಿಯ ಕೊನೆಯಲ್ಲಿ ಒಂದು ಸಂಜೆ ತೇಜಸ್ವಿನಿ ಮಗಳು ರಾಣಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೇಳಿದ್ದಳು. ರಾಣಿಗೆ ಎಂಟು ವರ್ಷ. ಹಿಂದಿನ ಮಳೆಗಾಲದಲ್ಲಿ ಬೇಕರಿ ಪಕ್ಕದ ತಿರುವಿನಲ್ಲಿ, ಶಾಲೆಯ ವ್ಯಾನಿನಿಂದ ಇಳಿದವಳನ್ನು ಒಂದು ಟೆಂಪೊ ಸವರಿಕೊಂಡು ಹೋಗಿತ್ತು. ಮೊಣಕಾಲಿನ ಕೆಳಗೆ ರಾಡು ಹಾಕಿದ್ದರು. ಹೊಲಿಗೆಯ ಗುರುತು ಈಗಲೂ ಗುಲಾಬಿ ಬಣ್ಣದ ಜರಿಯಂತಿತ್ತು, ತೇಜಸ್ವಿನಿಯ ಹೆಬ್ಬೆರಳು ಅದರ ಹತ್ತಿರ ಬಂದಾಗಲೆಲ್ಲ ನಿಧಾನವಾಗುತ್ತಿತ್ತು. ಅತ್ತೆ, ನೀವು ಎಣಿಸಿಕೊಟ್ಟರೆ ಯಾರೂ ಅಲ್ಲ ಅನ್ನಲ್ಲ ಎಂದಳು. ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದ ಹೆಂಗಸಿಗೆ ನಿವೃತ್ತಿಯಾಗಿ ಒಂಬತ್ತು ವರ್ಷದ ಮೇಲೆ ಇಂಥ ಮಾತು ಕೇಳಿದರೆ ಒಳಗೊಳಗೇ ಹಿಗ್ಗಾಗುತ್ತದೆ. ಅವಳಿಗೂ ಆಗಿತ್ತು. ಆ ರಾತ್ರಿಯೇ ಸ್ಕೇಲಿಟ್ಟು ಹಾಳೆಗಳ ಮೇಲೆ ಚೌಕದ ಮನೆ ಕೊರೆದಳು: ಬೈಕು, ಆಟೊ, ಕಾರು, ಬಸ್ಸು, ಲಾರಿ. ನಾಲ್ಕು ಗೀಟು, ಐದನೆಯದು ಅಡ್ಡ. ಆಮೇಲೆ ಅಡುಗೆಮನೆಗೆ ಹೋಗಿ, ಫ್ರಿಡ್ಜಿನ ಪಕ್ಕ ನೇತುಹಾಕಿದ್ದ ಕ್ಯಾಲೆಂಡರಿನ ಎದುರು ನಿಂತು ದಿನ ನೋಡಿದಳು. ಮಂಗಳವಾರ ಬೇಡ. ಬುಧವಾರ ಅಮಾವಾಸ್ಯೆಗೆ ಹತ್ತಿರ. ಫೆಬ್ರವರಿಯ ಎರಡನೆಯ ಶುಕ್ರವಾರ ಚೆನ್ನಾಗಿತ್ತು, ತಿಥಿ ನಕ್ಷತ್ರ ಎಲ್ಲ ಕೂಡಿಬಂದಿದ್ದವು, ರಾಹುಕಾಲ ಹತ್ತೂವರೆಗೆ, ಎಂಟರಿಂದ ಹತ್ತರೊಳಗೆ ಎಣಿಕೆ ಮುಗಿದುಹೋಗುತ್ತದೆ. ಯೋಚನೆಯನ್ನೇ ಮಾಡಿರಲಿಲ್ಲ. ಹೊಸ ಸೀರೆಯ ಮಡಿಕೆ ಬಿಚ್ಚುವುದಕ್ಕೆ, ಹಾಲಿನವನನ್ನು ಬದಲಾಯಿಸುವುದಕ್ಕೆ, ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದ್ದಳು.

ರಸ್ತೆಗೆ ಎರಡು ಬದಿ, ಒಬ್ಬಳಿಂದಾಗದು. ಅವಳ ಹಳೆಯ ಕಾಲೇಜಿನಲ್ಲಿ ಇನ್ನೂ ಅಟೆಂಡರ್ ಆಗಿದ್ದ ನಾಗಲಿಂಗಪ್ಪನಿಗೆ ಫೋನು ಮಾಡಿದಳು. ಗದಗದ ಕಡೆಯವನು, ಇಪ್ಪತ್ತಾರು ವರ್ಷದಿಂದ ಕೆಂಪಾಪುರದ ಒಂದೇ ಕೋಣೆಯಲ್ಲಿ ಸಂಸಾರ, ಮುಂದಿನ ವರ್ಷ ಅವನಿಗೂ ನಿವೃತ್ತಿ. ಪರೀಕ್ಷೆಯ ದಿನಗಳಲ್ಲಿ ಉತ್ತರ ಪತ್ರಿಕೆಯ ಕಟ್ಟುಗಳನ್ನು ಅವನು ಎಣಿಸಿಕೊಟ್ಟರೆ ಪ್ರಿನ್ಸಿಪಾಲರು ಕೂಡ ಮತ್ತೆ ಎಣಿಸುತ್ತಿರಲಿಲ್ಲ. ಅವನು ಒಂದು ದಿನ ರಜೆ ಹಾಕಿ ಬಂದ. ಯಾತಕ್ಕೆ ಈ ಎಣಿಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ರಸ್ತೆಯದೊಂದು ಲೆಕ್ಕ ಬೇಕಿತ್ತು ನಾಗಲಿಂಗಪ್ಪ ಎಂದಷ್ಟೇ ಹೇಳಿದ್ದಳು. ಅವಳು ಬೇಕರಿಯ ಬದಿಗೆ, ಅವನು ಕಲ್ಯಾಣ ಮಂಟಪದ ಬದಿಗೆ. ಮುಗಿದ ಮೇಲೆ ಬೇಕರಿಯ ನೆರಳಿನಲ್ಲಿ ನಿಂತು ಕಾಫಿ ಕುಡಿಯುವಾಗ ಅವನು ಸಂಕೋಚದಿಂದ, ನಮಗೂ ಈ ಕಡೀನ ಒಂದು ಮನಿ ಬಂದೈತ್ರಿ ಮೇಡಂ ಎಂದು ಶುರುಮಾಡಿದ್ದ. ಅವಳು ಕೂಡಲೇ, ಅಲ್ನೋಡಿ, ನಿಮ್ಮ ಬಸ್ಸು ಬಂತು ಎಂದಿದ್ದಳು. ಬಸ್ಸು ಬಂದಿದ್ದೂ ನಿಜ. ಅವನು ಅರ್ಧ ಕಾಫಿ ಬಿಟ್ಟು ಓಡಿದ್ದ. ಮನೆ ಎಲ್ಲಿ ಬಂದಿದೆ ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲವಾದ್ದರಿಂದ ಗೊತ್ತಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಕೇಳದಿದ್ದುದಕ್ಕೆ ಕಾರಣವೇನೆಂದು ಯೋಚಿಸಿದಾಗಲೆಲ್ಲ ಆ ಲೋಟದಲ್ಲಿ ಉಳಿದ ಅರ್ಧ ಕಾಫಿ ಮಾತ್ರ ಕಣ್ಣಿಗೆ ಬರುತ್ತಿತ್ತು.

ಐದು ದಿನದ ಮೇಲೆ ಹಾಳೆಗಳನ್ನು ಮತ್ತೆ ತೆಗೆದು ನೋಡಿದಾಗ ಅವನ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರಗಳು ಕಂಡವು. ಅವಳು ಹೇಳಿಕೊಡದ್ದನ್ನೂ ಅವನು ಬರೆದಿಟ್ಟಿದ್ದ. ಹೂವು ಕಟ್ಟಿದ ಕಾರು, ಮೂರು. ಮದುವಿ ಬಸ್ಸು, ಹನ್ನೊಂದು. ಬ್ಯಾಂಡಿನವರ ಟೆಂಪೊ, ಎರಡು. ಎಂಟೂ ನಲವತ್ತರಿಂದ ಒಂಬತ್ತೂಕಾಲರವರೆಗೆ ಗೀಟುಗಳು ಮನೆ ದಾಟಿ ಹೊರಗೆ ಹರಿದಿದ್ದವು. ಅಟ್ಟೂರಿನಿಂದ ಯಲಹಂಕದವರೆಗೆ ಆ ದಿನ ಖಾಲಿಯಿದ್ದ ಕಲ್ಯಾಣ ಮಂಟಪ ಒಂದೂ ಇದ್ದಿರಲಾರದು. ಅವಳು ಯಾವ ದಿನ ಆರಿಸಿದ್ದಳೋ ಅದೇ ದಿನವನ್ನು ಊರೆಲ್ಲ ಅದೇ ಕ್ಯಾಲೆಂಡರು ನೋಡಿ ಆರಿಸಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಮೊದಲ ದಿನ ಹೇಳುತ್ತಿದ್ದುದು ಒಂದೇ ಮಾತು: ನೀವು ಆರಿಸಬೇಡಿ, ನಿಮ್ಮ ಇಷ್ಟ ಅದರೊಳಗೆ ನುಸುಳುತ್ತದೆ. ಮುಂದಿನ ವಾರ ಸುಮ್ಮನೆ ವಾಕಿಂಗ್ ಎಂದು ಹೇಳಿ, ಮಂಗಳವಾರ ಒಂದು ಬದಿ, ಬುಧವಾರ ಇನ್ನೊಂದು ಬದಿ, ಒಬ್ಬಳೇ ನಿಂತು ಎಣಿಸಿದಳು. ಗಂಟೆಗೆ ಸಾವಿರದ ಇನ್ನೂರ ಎರಡು. ಅಷ್ಟು ಅಗಲದ ರಸ್ತೆ ಒಂದೂವರೆ ಸಾವಿರ ತಾಳುತ್ತದೆಂದು ಅಸೋಸಿಯೇಷನ್ನಿನವರ ಅರ್ಜಿಯಲ್ಲೇ ಬರೆದಿತ್ತು. ಹೇಳಬೇಕೆಂದು ಅಡುಗೆಮನೆಗೆ ಹೋದರೆ ತೇಜಸ್ವಿನಿ ನೆಲದ ಮೇಲೆ ಕೂತು ರಾಣಿಗೆ ಕಾಲು ಮಡಿಸುವ ವ್ಯಾಯಾಮ ಮಾಡಿಸುತ್ತಿದ್ದಳು. ಇನ್ನೊಂದು ಸಲ ಪುಟ್ಟಾ, ಇನ್ನೊಂದೇ ಸಲ. ಗಂಗಾದೇವಿ ಒಂದು ಲೋಟ ನೀರು ಕುಡಿದು ವಾಪಸು ಬಂದಳು. ಅಷ್ಟರಲ್ಲಿ ಕರಪತ್ರ ಅಚ್ಚಾಗಿತ್ತು. ಅವಳ ಹೆಸರಿನ ಮುಂದೆ ನಿವೃತ್ತ ಪ್ರೊಫೆಸರ್ ಎಂದು ಹಾಕಿದ್ದರು. ಅವಳು ಎಂದೂ ಪ್ರೊಫೆಸರ್ ಆಗಿರಲಿಲ್ಲ.

ಹಾಲಿನ ಬಲಗಡೆಯ ಮೂರನೆಯ ಸಾಲಿನಲ್ಲಿ ಯಾರೋ ಎದ್ದು ನಿಂತು ಕೈಮುಗಿದರು. ನಾಗಲಿಂಗಪ್ಪ. ಪಕ್ಕದಲ್ಲಿ ಹೆಂಡತಿ ಸಂಗವ್ವ, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮನೆ ಮಂಜೂರಾದ ಕಾಗದ, ಮಡಿಕೆ ಬೀಳದಂತೆ ಹಿಂದೆ ರಟ್ಟು ಇಟ್ಟಿದ್ದರು. ನಾಗಲಿಂಗಪ್ಪ ಹೆಂಡತಿಗೆ ಬಗ್ಗಿ ಏನೋ ಹೇಳಿದ, ಅವಳೂ ಇತ್ತ ನೋಡಿ ಕೈಮುಗಿದಳು, ಮುಖ ಅರಳಿಸಿ. ತಮ್ಮ ಪರವಾಗಿ ಮಾತಾಡಲು ಮೇಡಂ ಬಂದಿದ್ದಾರೆಂದು ತಿಳಿದಿರಬೇಕು. ಗಂಗಾದೇವಿ ಕೈಯೆತ್ತಿದಳು, ಅದು ಪೂರ್ತಿ ಮುಗಿಯುವ ಮೊದಲೇ ಇಳಿದುಬಿಟ್ಟಿತು. ಮೈಕಿನ ಹತ್ತಿರ ರಾಮಕೃಷ್ಣಪ್ಪ ಓದತೊಡಗಿದ್ದರು. ಕಾಗದದಲ್ಲಿ ಬರೆದದ್ದನ್ನು ಅವರು ಗ್ರಾಂಥಿಕವಾಗಿ ಓದುತ್ತಿದ್ದರು, ನಡುನಡುವೆ ತಲೆಯೆತ್ತಿ ತಮ್ಮ ಮಾತು ಸೇರಿಸುತ್ತಿದ್ದರು. ಸಂಖ್ಯೆ ಬಂದಾಗ ನಿಂತರು. ಎರಡು ಸಾವಿರದ ನೂರ ಐವತ್ತಾರು ಎಂದು ಎರಡು ಸಲ ಹೇಳಿದರು. ನಾವು ಹೇಳೋದಲ್ಲ ಇದು ಎಂದರು.

“ನಮ್ ಮೇಡಮ್ಮೋರು ಬಿಸ್ಲಲ್ಲಿ ನಿಂತ್ಕಂಡು ಎಣ್ಸವ್ರೆ. ಕಾಲೇಜ್ನಾಗೆ ಇದ್ನೇ ಪಾಠ ಮಾಡ್ದೋರು. ಬನ್ನಿ ಮೇಡಮ್ಮೋರೆ, ನೀವೇ ಒಂದ್ ಮಾತು ಯೋಳ್ಬುಡಿ.”

ತೇಜಸ್ವಿನಿ ತಿರುಗಿ ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಆ ನಗು. ಗಂಗಾದೇವಿ ಏಳುವಾಗ ಅವಳ ಕಣ್ಣು ತಾನಾಗಿಯೇ ಮೂರನೆಯ ಸಾಲಿಗೆ ಹೋಯಿತು. ನಾಗಲಿಂಗಪ್ಪ ಈಗ ಕೈಮುಗಿದಿರಲಿಲ್ಲ. ಸಂಖ್ಯೆ ಅವನಿಗೆ ಗೊತ್ತಿತ್ತು. ಅರ್ಧ ಅವನದೇ. ಹಣೆಯ ಮೇಲೆ ಒಂದು ಗೆರೆ ಮೂಡಿ ಅಲ್ಲೇ ನಿಂತಿತು, ಕಟ್ಟಿನಲ್ಲಿ ಒಂದು ಉತ್ತರ ಪತ್ರಿಕೆ ಕಡಿಮೆಯಾದಾಗ ಮೂಡುತ್ತಿದ್ದ ಹಾಗೆ. ಅವಳಿಂದ ಕಣ್ಣು ತೆಗೆದು ಅವನು ಹೆಂಡತಿಯ ಮಡಿಲಿನ ಕವರನ್ನು ನೋಡಿದ. ಮೈಕು ರಾಮಕೃಷ್ಣಪ್ಪನವರ ಎತ್ತರಕ್ಕಿತ್ತು. ಅದನ್ನು ಹೇಗೆ ಇಳಿಸುವುದೆಂದು ಅವಳು ತಡಕಾಡುವ ಮೊದಲೇ ಮೈಕ್ ಸೆಟ್ಟಿನ ಮೊಯಿನುದ್ದೀನ್ ಬಂದು, ಸ್ಟ್ಯಾಂಡಿನ ತಿರುಪು ಸಡಿಲಿಸಿ ಅವಳ ಬಾಯಿಯ ಮಟ್ಟಕ್ಕೆ ತಂದು, ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ, ಇನ್ನೂ ಒಂದಿಂಚು ಇಳಿಸಿದ. ಯಾವ ಕಡೆಯವಳೆಂದು ಅವನು ಕೇಳಲಿಲ್ಲ. ಈಗ ಹೌದು ಎಂದರೆ ಸಾಕಿತ್ತು. ಹೌದು, ನಾನೇ ಎಣಿಸಿದ್ದು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೋಗಿ ಫ್ಯಾನಿನ ಕೆಳಗೆ ಕೂತುಕೊಳ್ಳಬಹುದು. ಸಂಜೆ ತೇಜಸ್ವಿನಿ ತನ್ನ ಗಂಡ ನಂದಕುಮಾರನಿಗೆ, ಅತ್ತೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಹೇಳುತ್ತಾಳೆ. ಅವಳು ಕೈಚೀಲದ ಜಿಪ್ಪು ಎಳೆದಳು, ಅದರ ಸದ್ದು ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು.

“ಆ ಎಣಿಕೆ ನಂದೇ. ಸಂಖ್ಯೆ ತಪ್ಪಿಲ್ಲ. ದಿನ ತಪ್ಪು.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ನಡುವಯಸ್ಸಿನ ಹೆಂಗಸು, ಬೆಳಗಿನಿಂದ ಎರಡೂ ಕಡೆಯ ಬೈಗುಳ ಕೇಳಿ ಬಳಲಿದ್ದರು. ಏನು ತಪ್ಪು ಎಂದು ಕೇಳಿದರು. ಗಂಗಾದೇವಿ ಮದುವೆಯ ಬಸ್ಸುಗಳ ವಿಷಯ ಹೇಳಿದಳು, ಕಲ್ಯಾಣ ಮಂಟಪಗಳ ವಿಷಯ ಹೇಳಿದಳು. ಧ್ವನಿ ತನ್ನದಲ್ಲವೆಂಬಂತೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಇಷ್ಟು ದಿನ ಇರುವಾಗ ಅದೇ ದಿನ ಯಾಕೆ ಎಣಿಸಿದಿರಿ, ಯಾರಾದರೂ ಹೇಳಿದ್ದರೇ ಎಂದರು ಅಧಿಕಾರಿ. ಪ್ರಶ್ನೆ ತೇಜಸ್ವಿನಿಯ ಕಡೆಗೆ ಹೊರಳುವುದು ಅವಳಿಗೆ ಕಂಡಿತು. ಯಾರೂ ಹೇಳಲಿಲ್ಲ ಎಂದಳು ಅವಸರದಿಂದ. ಮತ್ತೆ? ಇದನ್ನು ಹೇಳಬೇಕಾಗುತ್ತದೆಂದು ಅವಳು ಯೋಚಿಸಿರಲಿಲ್ಲ. ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು.

“ಕ್ಯಾಲೆಂಡರ್ ನೋಡಿ ಆರಿಸಿದೆ. ಒಳ್ಳೆ ದಿನ ಅಂತ.”

ಹಿಂದೆಲ್ಲೋ ಒಬ್ಬರು ನಕ್ಕರು, ಅದು ಎಡಗಡೆಗೂ ಬಲಗಡೆಗೂ ಹರಡಿತು. ಬೆಳಗಿನಿಂದ ಆ ಹಾಲಿನ ಎರಡು ಭಾಗವೂ ಸೇರಿ ಮಾಡಿದ ಕೆಲಸ ಅದೊಂದೇ. ಅಲ್ಲ ಮೇಡಮ್ಮೋರೆ, ಗಾಡಿ ಎಣ್ಸಾಕೂ ಮೂರ್ತ ನೋಡುದ್ರಾ ಎಂದು ರಾಮಕೃಷ್ಣಪ್ಪ ಕೇಳಿದರು. ವಾಲಗದೋರ್ನೂ ಕರ್‍ಸ್ಬೋದಿತ್ತು ಎಂದು ಇನ್ನೊಬ್ಬರು ಸೇರಿಸಿದರು. ಅವಳ ಕಿವಿ ಬಿಸಿಯಾಯಿತು. ಎಲ್ಲ ತರಗತಿಗಳ ಎಲ್ಲ ಬೆಂಚುಗಳೂ ಒಟ್ಟಿಗೆ ನಗುತ್ತಿರುವಂತೆ ಕೇಳಿಸಿತು. ನಗದವರು ಇಬ್ಬರೇ, ಒಬ್ಬ ನಾಗಲಿಂಗಪ್ಪ, ಇನ್ನೊಬ್ಬಳು ತೇಜಸ್ವಿನಿ. ಅವಳು ಈಗ ಫೈಲನ್ನು ತೊಡೆಯ ಮೇಲೆ ಇಳಿಸಿ ಅದರ ದಾರದ ಗಂಟನ್ನು ನೋಡುತ್ತಿದ್ದಳು. ನಗು ಇಳಿಯುವವರೆಗೆ ಕಾದು ಗಂಗಾದೇವಿ ಇನ್ನೊಂದು ಸಂಖ್ಯೆಯನ್ನು ಓದಿದಳು, ಸಾವಿರದ ಇನ್ನೂರ ಎರಡು, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಎಡಗಡೆಯಲ್ಲಿ ಗುಜುಗುಜು ಎದ್ದಿತು, ನಿನ್ನೆ ಮೊನ್ನೆ ಯಾಕೆ ಹೇಳಲಿಲ್ಲ ಎಂದು ಯಾರೋ ಗದರಿದರು. ಅಧಿಕಾರಿ ಮೇಜು ತಟ್ಟಿ, ಬರವಣಿಗೆಯಲ್ಲಿ ಕೊಡಿ ಎಂದು ಒಂದು ಫಾರಂ ಚಾಚಿದರು. ಅವಳು ನಿಂತೇ ಬರೆಯಹೊರಟದ್ದನ್ನು ನೋಡಿ ತಮ್ಮ ರಟ್ಟನ್ನೂ ಕೆಳಗೆ ಇಟ್ಟುಕೊಟ್ಟರು. ಅವಳು ಎರಡೂ ಸಂಖ್ಯೆ, ಅವುಗಳ ದಿನಾಂಕ ಬರೆದಳು. ಕೊನೆಗೆ ಆಕ್ಷೇಪಣೆ, ಬೆಂಬಲ ಎಂದು ಎರಡು ಮನೆಗಳಿದ್ದವು, ಒಂದಕ್ಕೆ ಗುರುತು ಹಾಕಬೇಕಿತ್ತು. ಎರಡನ್ನೂ ಬಿಟ್ಟು, ಅವುಗಳ ಕೆಳಗೆ ಖಾಲಿ ಜಾಗದಲ್ಲಿ ಎಣಿಸಿದವಳು ಎಂದು ಬರೆದು ಸಹಿ ಹಾಕಿದಳು. ಅಧಿಕಾರಿ ಅದನ್ನು ಓದಿ ಸೀಲು ಒತ್ತಿದರು. ವಾಹನಗಳ ಸಂಖ್ಯೆಯ ತಕರಾರನ್ನು ಪರಿಗಣಿಸುವುದಿಲ್ಲ, ಬೇರೆ ಏನಿದೆ ಹೇಳಿ ಎಂದು ಎಡಗಡೆಗೆ ಕೇಳಿದರು. ಬೇರೆ ಏನೂ ಬರೆದು ತಂದಿರಲಿಲ್ಲ ಅವರು. ಆ ಸಂಖ್ಯೆಯನ್ನೇ ನಂಬಿ ಬಂದಿದ್ದರು.

ಹೊರಗೆ ಎರಡು ಗಂಟೆಯ ಬಿಸಿಲು. ಬರುವಾಗ ತೇಜಸ್ವಿನಿಯ ಸ್ಕೂಟರಿನಲ್ಲಿ ಬಂದಿದ್ದಳು. ಸ್ಕೂಟರ್ ನಿಂತಿದ್ದ ಜಾಗ ಈಗ ಖಾಲಿ. ಲೇಔಟಿನ ಕಾರುಗಳು ಒಂದೊಂದಾಗಿ ಹಾದುಹೋದವು. ಕಿಟಕಿಗಳಲ್ಲಿದ್ದವರು ಆ ಹೊತ್ತಿಗೆ ಸರಿಯಾಗಿ ಫೋನು ನೋಡುತ್ತಿದ್ದರು. ಗೇಟಿನ ಬಳಿ ನಾಗಲಿಂಗಪ್ಪ ನಿಂತಿದ್ದ. ಸಂಗವ್ವ ಸ್ವಲ್ಪ ದೂರದಲ್ಲಿ, ಕವರನ್ನು ಸೆರಗಿನೊಳಗೆ ಇಟ್ಟುಕೊಂಡು. ಕ್ಷಮಿಸಿ ಎನ್ನಬೇಕೆಂದು ಗಂಗಾದೇವಿ ಬಾಯಿ ತೆರೆದಳು. ಆ ಮಾತನ್ನು ಅವನಿಗೆ ಜೊತೆಯಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ, ಈಗ ಬರಲಿಲ್ಲ.

“ನೀವು ಮೊದ್ಲ ಹೇಳಿದ್ರೂ ನಾ ಎಣಸ್ತಿದ್ನಿರಿ ಮೇಡಂ,” ಎಂದ ಅವನು. “ಒಂದೂ ಬಿಡ್ತಿದ್ದಿಲ್ಲ. ಆದ್ರ ಹೇಳಬೇಕಿತ್ರಿ.”

ಅಷ್ಟು ಹೇಳಿ, ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಅವಳ ಮೊಣಕೈ ಹಿಡಿಯದೆ ಆದರೆ ಹಿಡಿಯುವಷ್ಟು ಹತ್ತಿರದಲ್ಲಿ ನಡೆದು ಆಚೆ ಬಿಟ್ಟು, ಅವನು ಹೆಂಡತಿಯ ಹತ್ತಿರ ವಾಪಸು ಹೋದ. ಗಂಗಾದೇವಿ ಒಬ್ಬಳೇ ನಡೆದಳು. ಬೇಕರಿಯ ತಿರುವಿಗೆ ಬಂದಾಗ ನೀರಿನ ಟ್ಯಾಂಕರೊಂದು ಅವಳ ಸೆರಗು ಹಾರುವಷ್ಟು ಹತ್ತಿರ ಹೋಯಿತು. ಅವಳು ಚರಂಡಿಯ ಕಲ್ಲಿನ ಮೇಲೆ ಹತ್ತಿ ನಿಂತಳು, ನಿಲ್ಲಲು ಬೇರೆ ಜಾಗವಿರಲಿಲ್ಲ. ಆಗ ನೆನಪಾಯಿತು. ಮೈಕಿನ ಮುಂದೆ ಅಷ್ಟು ಹೊತ್ತು ನಿಂತಿದ್ದಳು, ದಿನಾಂಕ ಹೇಳಿದಳು, ಬಸ್ಸು ಹೇಳಿದಳು, ಈ ತಿರುವಿನ ವಿಷಯ ಒಂದು ಮಾತೂ ಆಡಲಿಲ್ಲ. ಸಾವಿರದ ಇನ್ನೂರೇ ಇರಲಿ, ಎರಡು ಸಾವಿರವೇ ಇರಲಿ, ಇಲ್ಲಿ ಮಗುವಿಗೆ ಕಾಲಿಡಲು ಒಂದು ಗೇಣು ಜಾಗವಿಲ್ಲ, ಮನೆ ಕಟ್ಟಿ, ಅದಕ್ಕೆ ಮೊದಲು ಇಲ್ಲೊಂದು ಫುಟ್‌ಪಾತ್ ಕಟ್ಟಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಅಧಿಕಾರಿ ಬರೆದುಕೊಳ್ಳುತ್ತಿದ್ದರು, ಎರಡೂ ಕಡೆಯವರು ಒಪ್ಪುತ್ತಿದ್ದರು. ರಾಣಿಗೆ ತಾಗಿದ್ದು ಒಂದೇ ಟೆಂಪೊ. ಹಾಳೆಯಲ್ಲಿ ಅದು ಒಂದು ಗೀಟು. ಎಣಿಸುವುದನ್ನು ಅಷ್ಟು ಚೆನ್ನಾಗಿ ಕಲಿತ ತಾನು ಆ ಒಂದನ್ನು ಬಿಟ್ಟುಬಿಟ್ಟಿದ್ದಳು, ತನ್ನ ಮೊಮ್ಮಗಳ ಒಂದನ್ನು. ಬೇಕರಿಯವನು ಸ್ಟೂಲು ತಂದಿಟ್ಟ. ಅವಳು ಕೂರಲಿಲ್ಲ.

ಗೇಟಿನೊಳಗೆ ಸ್ಕೂಟರ್ ಇತ್ತು. ಮುಂಬಾಗಿಲು ಒರಗಿಸಿತ್ತು, ಅಗುಳಿ ಹಾಕಿರಲಿಲ್ಲ. ರಾಣಿ ಶಾಲೆಯಿಂದ ಬರಲು ಇನ್ನೂ ಒಂದು ಗಂಟೆಯಿತ್ತು. ಅಡುಗೆಮನೆಯಲ್ಲಿ ತೇಜಸ್ವಿನಿ ಬೆನ್ನು ಹಾಕಿ ನಿಂತಿದ್ದಳು. ಅವಳು ಬೆಳಗಿನ ಸೀರೆಯನ್ನೂ ಬದಲಾಯಿಸಿರಲಿಲ್ಲ. ಗಂಗಾದೇವಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹೊಸ್ತಿಲಿನ ಹತ್ತಿರ ಬಂದು ನಿಂತಳು. ಒಳಗೆ ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ. ಕೂಗಾಡಿದರೆ ಕೇಳಿಸಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ತೇಜಸ್ವಿನಿ ಕೂಗಾಡಲಿಲ್ಲ.

“ಆ ತಿರುವಿನ ಬಗ್ಗೆ ಒಂದ್ ಮಾತು ಹೇಳ್ಬಹುದಿತ್ತು ಅತ್ತೆ,” ಎಂದಳು, ತಿರುಗದೆ. “ಮಿಕ್ಕಿದ್ದು ನಿಮ್ಮಿಷ್ಟ. ಅದೊಂದು.”

“ಮರ್ತೋಯ್ತು ತೇಜು.”

ಇದಕ್ಕಿಂತ ಕೆಟ್ಟ ಉತ್ತರವಿರಲಾರದು ಎಂದು ಹೇಳುವಾಗಲೇ ಗೊತ್ತಿತ್ತು. ಆದರೆ ನಿಜ ಅದೇ. ತೇಜಸ್ವಿನಿಯ ಹೆಗಲು ಒಮ್ಮೆ ಮೇಲೆದ್ದು ಇಳಿಯಿತು. ಪಕ್ಕದ ಮನೆಯ ಮೋಟಾರು ಶುರುವಾಗಿ ನಿಂತಿತು. ಆಮೇಲೆ ಒಲೆ ಹತ್ತಿಸಿದ ಸದ್ದು, ಸೌಟು ತಿರುಗಿದ ಸದ್ದು. ತೇಜಸ್ವಿನಿ ತಟ್ಟೆ ತೆಗೆದು, ತಣ್ಣಗಾಗಿ ಗಟ್ಟಿಯಾಗಿದ್ದ ಮುದ್ದೆಯನ್ನು ಬೆರಳಲ್ಲಿ ಸಣ್ಣ ಸಣ್ಣ ತುಂಡಾಗಿ ಮುರಿದು, ಮೇಲೆ ಬಿಸಿ ಸೊಪ್ಪಿನ ಸಾರು ಹಾಕಿದಳು. ತಂದು ಹೊಸ್ತಿಲ ಈಚೆಗೆ ಚಾಚಿದಳು, ಮುಖ ನೋಡದೆ. ಗಂಗಾದೇವಿ ಎರಡೂ ಕೈ ಒಡ್ಡಿದಳು. ಸಾರು ಅಂಚಿಗೆ ಬಂದು ತುಳುಕಿತು. ಆ ಕೈಗಳು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೂ ತೇಜಸ್ವಿನಿ ತಟ್ಟೆಯ ತನ್ನ ಕಡೆಯ ಅಂಚನ್ನು ಬಿಡಲಿಲ್ಲ.